ಮುಂಬಾಗಿಲ ಹೇಳಿಕೆ

ಮೂರನೆಯ ಹಸುವಿನ ಬೆನ್ನ ಮೇಲೆ ಅಂಗೈಯಿಟ್ಟು ಡೀಕಾ ಅದೇ ಮಾತನ್ನು ಮತ್ತೆ ಹೇಳಿದಳು: "ನಿಮ್ಮ ಯಜಮಾನ ತೀರಿಕೊಂಡ. ಇನ್ಮೇಲೆ ಫೆನ್ನಾನೇ ನಿಮ್ಗೆ ಯಜಮಾನಿ."

ಹಸು ಮೆಲುಕು ನಿಲ್ಲಿಸಿತು, ಅವಳನ್ನು ನೋಡಿತು, ಮತ್ತೆ ಮೆಲುಕು ಹಾಕತೊಡಗಿತು. ನಾಲ್ಕನೆಯದು ಅವಳ ಮಾತು ಮುಗಿಯುವ ಮೊದಲೇ ಬಾಲ ಎತ್ತಿತು. ಡೀಕಾ ಹಿಂದೆ ಸರಿದು, ಅದು ಮುಗಿಸುವವರೆಗೆ ಕಾದು, ಮಾತನ್ನು ಮೊದಲಿನಿಂದ ಹೇಳಿದಳು. ಇಂಥದ್ದನ್ನು ಕಂಡರೆ ಯಾನ್ಸ್ ಒಂದು ವಾರ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಯಾನ್ಸ್ ಈಗ ಗೋಡೆಯ ಆಚೆ, ಒಗೆದ ಬಿಳಿ ಅಂಗಿ ತೊಟ್ಟು, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ. ಆ ಬಟ್ಟೆ ಕಟ್ಟಿದವಳೂ ಡೀಕಾಳೇ. ಅವನ ಬಾಯಿ ಮುಚ್ಚಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಕೊನೇದಕ್ಕೆ ಸ್ವಲ್ಪ ಗಟ್ಟಿಯಾಗಿ ಹೇಳು," ಎಂದಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಫೆನ್ನಾ. ಅವಳ ಕಣ್ಣು ಒಣಗಿದ್ದವು. "ಅದಕ್ಕೆ ಕಿವಿ ಮಂದ. ಅವರು ಅದನ್ನ ಪಾದ್ರಿ ಅಂತಾನೇ ಕರೀತಿದ್ರು."

ಡೀಕಾ ಪಾದ್ರಿಗೆ ಗಟ್ಟಿಯಾಗಿಯೇ ಹೇಳಿದಳು.

ಆ ಕೇರಿಯಲ್ಲಿ ತೀರ ಪಕ್ಕದ ಮನೆಯವರೇ ಮೊದಲ ನೆರೆ. ಸಾವಾದ ಮನೆಯವರು ಏನನ್ನೂ ಮಾಡುವಂತಿಲ್ಲ, ಕೂತು ಅಳಬೇಕು ಅಥವಾ ಅಳದೆ ಕೂರಬೇಕು. ಗಡಿಯಾರ ನಿಲ್ಲಿಸುವುದು, ಕನ್ನಡಿಗೆ ಬಟ್ಟೆ ಹೊದಿಸುವುದು, ದನಗಳಿಗೆ ತಿಳಿಸುವುದು, ಮನೆಮನೆಗೆ ಹೋಗಿ ಸಾವಿನ ಹೇಳಿಕೆ ಕೊಡುವುದು, ಎಲ್ಲವೂ ಮೊದಲ ನೆರೆಯ ಪಾಲು. ಡೀಕಾಳ ಗಂಡ ಆಲ್ಬರ್ಟ್ ಇದ್ದಾಗ ಅವನು ಮಾಡುತ್ತಿದ್ದ. ಅವನು ಹೋದಾಗ ಯಾನ್ಸ್ ಮತ್ತು ಫೆನ್ನಾ ಅವಳಿಗಾಗಿ ಮಾಡಿದರು. ಈಗ ಅವಳ ಸರದಿ.

"ಒಂದು ಮಾತು," ಎಂದಳು ಫೆನ್ನಾ. "ಭುಜದ ಮೇಲೇ ಹೋಗ್ಬೇಕು ಅಂದಿದ್ರು. ಪಟ್ಟಣದೋರ ಚಕ್ರದ ಗಾಡಿ ಬೇಡ್ವಂತೆ. 'ನನ್ನನ್ನ ಹಾಲಿನ ಕ್ಯಾನ್ ಹಾಗೆ ತಳ್ಕೊಂಡು ಹೋಗ್ಬೇಡಿ' ಅಂದ್ರು. ನಾನೂ ಹೂಂ ಅಂದ್ಬಿಟ್ಟೆ." ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು: "ಹೊರೋಕೆ ಆರೂ ಮನೆಯೋರು ಬರ್ತಾರಲ್ವೇನೇ?"

ಆರರಲ್ಲಿ ಐದು ಮನೆಯ ವಿಷಯ ಅವಳು ಕೇಳುತ್ತಿರಲಿಲ್ಲ. ಅದು ಡೀಕಾಳಿಗೂ ಗೊತ್ತಿತ್ತು.

"ಬರ್ತಾರೆ," ಎಂದಳು. "ನಾನು ಕರ್ಕೊಂಡ್ ಬರ್ತೀನಿ."

ಆರನೆಯದು ಲುಬ್ಬರ್ಟನ ಮನೆ, ಕೇರಿಯ ಕೊನೆಯಲ್ಲಿ, ಚರ್ಚಿನ ದಾರಿಗೆ ಹೊಂದಿಕೊಂಡದ್ದು. ವರ್ಷದ ಕೊನೆಯ ದಿನ ಹಾಲಿನ ಕ್ಯಾನಿನೊಳಗೆ ಕಾರ್ಬೈಡ್ ಹಾಕಿ, ನೀರು ಚಿಮುಕಿಸಿ, ಮುಚ್ಚಳ ಬಿಗಿದು, ಹಿಂದಿನ ತೂತಿಗೆ ಬೆಂಕಿ ಹಿಡಿದು ಢಮ್ಮೆನಿಸುವುದು ಅಲ್ಲಿನವರ ಹಳೆಯ ಆಟ. ಹನ್ನೆರಡು ವರ್ಷದ ಹಿಂದೆ ಯಾನ್ಸ್ ಹಾರಿಸಿದ ಮುಚ್ಚಳ ಗಾಳಿಗೆ ತಿರುಗಿ, ಲುಬ್ಬರ್ಟನ ಅಡುಗೆಮನೆಯ ಕಿಟಕಿ ಒಡೆದು, ಅವನು ಹಬ್ಬದ ಕರಿದ ಉಂಡೆಗೆಂದು ಕಲಸಿಟ್ಟಿದ್ದ ಹಿಟ್ಟಿನ ಪಾತ್ರೆಯೊಳಗೆ ಹೋಗಿ ಕೂತಿತು. ಯಾನ್ಸ್ ಮರುದಿನವೇ ಗಾಜು ತಂದು ಹಾಕಿಸಿದ. ಆ ಗಾಜು ಉಳಿದವುಗಳಿಗಿಂತ ತುಸು ಹಸಿರು. ಆದರೆ ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬದಲಿಗೆ, "ಲುಬ್ಬರ್ಟ್ ಯಾರನ್ನೂ ಊಟಕ್ಕೆ ಕರಿಯಲ್ಲ ನೋಡಿ, ಅದಕ್ಕೇ ನನ್ನ ಮುಚ್ಚಳ ತಾನಾಗೇ ಹೋಯ್ತು," ಎಂದು ಮದುವೆಯಲ್ಲಿ, ಸಂತೆಯಲ್ಲಿ, ಹಾಲಿನ ಡೇರಿಯಲ್ಲಿ ಹೇಳಿ ನಗಿಸಿದ. ಲುಬ್ಬರ್ಟ್ ಒಬ್ಬಂಟಿ. ಅವನಿಗೆ ಆ ನಗು ಎಲ್ಲಿಗೆ ತಾಗಿತೋ, ಅಂದಿನಿಂದ ಯಾನ್ಸ್ ಜೊತೆ ಮಾತು ನಿಲ್ಲಿಸಿಬಿಟ್ಟ. ಆಲ್ಬರ್ಟನ ಶವಪೆಟ್ಟಿಗೆಗೆ ಇಬ್ಬರೂ ಅಕ್ಕಪಕ್ಕದಲ್ಲಿ ಭುಜ ಕೊಟ್ಟಿದ್ದರು. ಹೆಜ್ಜೆ ಕೂಡಿತ್ತು, ಮಾತು ಕೂಡಿರಲಿಲ್ಲ.

ಹೇಳಿಕೆಗೆ ಫೋನು ಆಗದು. ಮುಂಬಾಗಿಲಿಗೇ ಹೋಗಬೇಕು. ಆ ಬಾಗಿಲು ಮದುಮಗಳಿಗೆ ಮತ್ತು ಹೆಣಕ್ಕೆ ಬಿಟ್ಟರೆ ತೆರೆಯುವುದು ಇದೊಂದಕ್ಕೇ, ಉಳಿದ ದಿನಗಳಲ್ಲಿ ಎಲ್ಲರದೂ ಹಿಂಬಾಗಿಲ ಓಡಾಟ. ಮೆಟ್ಟಿಲ ಮೇಲೆ ನಿಂತು, ಒಳಗೆ ಕಾಲಿಡದೆ, ಮನೆಯ ಯಜಮಾನನ ಮುಖ ನೋಡಿ ಹೇಳಬೇಕು. ಹೇಳಿಕೆಯಿಲ್ಲದೆ ಸಾವಿನ ಮನೆಗೆ ಹೋಗುವವನು ನಾಚಿಕೆಗೆಟ್ಟವನು, ಹೇಳಿಕೆ ಬಂದೂ ಹೋಗದವನು ನೆರೆಯೇ ಅಲ್ಲ.

ತನ್ನದನ್ನು ಬಿಟ್ಟು ನಾಲ್ಕು ಮನೆಗಳಲ್ಲಿ ಡೀಕಾ ಸರಿಯಾಗಿಯೇ ಹೇಳಿದಳು. ಆರನೆಯದರ ಗೇಟು ದಾಟಿದಾಗ ಹಸಿರು ಗಾಜು ಅವಳನ್ನೇ ನೋಡುತ್ತಿರುವಂತಿತ್ತು. ಕಾಲುಗಳು ಅವಳನ್ನು ಕೇಳದೆ ಮನೆಯ ಪಕ್ಕದಿಂದ ಹಿತ್ತಲಿಗೆ ತಿರುಗಿದವು. ಅಡುಗೆಮನೆಯ ಬಾಗಿಲ ಬಳಿ ಲುಬ್ಬರ್ಟನ ಮರದ ಪಾದರಕ್ಷೆ ಇರಲಿಲ್ಲ. ಅಂದರೆ ಅವನು ಕೊಟ್ಟಿಗೆಯಲ್ಲಿದ್ದಾನೆ. ಕೊಟ್ಟಿಗೆಯ ಅರೆತೆರೆದ ಬಾಗಿಲಲ್ಲಿ ಇಣುಕಿದಳು. ಸಾಲಾಗಿ ಹಸುಗಳು, ಅವುಗಳಾಚೆ ಹುಲ್ಲಿನ ಮೆದೆ, ಕತ್ತಲು. ಮೆದೆಯ ಹಿಂದೆ ಕವೆಗೋಲಿನ ಸದ್ದೊಂದು ಇತ್ತು, ಅವಳು ಬಂದೊಡನೆ ನಿಂತಿತು. ಬೆಳಗಿನಿಂದ ಹೇಳಿ ಹೇಳಿ ನಾಲಿಗೆಗೆ ಹತ್ತಿದ್ದ ಮಾತು ತಾನಾಗಿ ಹೊರಬಿತ್ತು: "ಯಾನ್ಸ್ ತೀರಿಕೊಂಡ. ಶುಕ್ರವಾರ ಹತ್ತಕ್ಕೆ ಎತ್ತೋದು. ಬರಬೇಕು."

ಉತ್ತರಕ್ಕೆ ನಿಲ್ಲಲಿಲ್ಲ. ಗೇಟು ದಾಟುವಾಗ ಮನಸ್ಸು ಹಗುರಾಗಿತ್ತು. ಆ ಹಗುರದ ಬಗ್ಗೆ ಅವಳಿಗೆ ಆಗಲೇ ಅನುಮಾನವೂ ಇತ್ತು.

ಶುಕ್ರವಾರ ಫೆನ್ನಾಳ ಮನೆಯ ಸೂರಿನಡಿಯ ಒಕ್ಕುವ ಅಂಗಳದ ದೊಡ್ಡ ಬಾಗಿಲು ತೆರೆದಿತ್ತು. ನಡುವೆ ಎರಡು ಸ್ಟೂಲಿನ ಮೇಲೆ ಪೆಟ್ಟಿಗೆ. ಗೋಡೆಯ ಬದಿ ಕಪ್ಪು ಕೋಟಿನ ಐವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಡೀಕಾಳ ಮನೆಯ ಪಾಲಿಗೆ ಅವಳ ತಮ್ಮ ಬಂದಿದ್ದ. ಮುಂದಿನ ಎಡಮೂಲೆಗೆ ಯಾರೂ ಇರಲಿಲ್ಲ.

ಪಟ್ಟಣದಿಂದ ಬಂದ ಶವಸಂಸ್ಕಾರದವನು ಚಕ್ರದ ಗಾಡಿಯನ್ನು ಮೆಲ್ಲಗೆ ಒಳಗೆ ತಂದ. ಸಭ್ಯ ಮನುಷ್ಯ, ದನಿಯೂ ಮೆತ್ತಗೆ. "ರಬ್ಬರ್ ಚಕ್ರ ಇದು. ಒಂಚೂರೂ ಸದ್ದು ಬರಲ್ಲ ನೋಡಿ."

"ಯಾನ್ಸ್ ಸದ್ದಿಲ್ದೆ ಎಲ್ಲಿಗಾದ್ರೂ ಹೋಗಿದ್ದುಂಟಾ?" ಎಂದ ಮೂರನೆಯ ಮನೆಯ ಗೈಟ್. ಅವನೂ ಯಾನ್ಸೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನ ಮೂಗು ಕೆಂಪಾಗಿತ್ತು. ಡೀಕಾಳ ಹತ್ತಿರ ಬಂದು ದನಿ ತಗ್ಗಿಸಿದ: "ಲುಬ್ಬರ್ಟ್‌ಗೆ ಹೇಳಿದ್ಯಾ?"

"ಹೇಳ್ದೆ."

"ಮುಂಬಾಗಿಲಲ್ಲಿ?"

ಡೀಕಾ ಪೆಟ್ಟಿಗೆಯ ಹಿಡಿಯನ್ನು ನೋಡಿದಳು. "ಕೊಟ್ಟಿಗೇಲಿ."

"ಅವನಿದ್ನಾ?"

"ಹಸುಗಳಿದ್ವು."

ಯಾರೂ ನಗಲಿಲ್ಲ. ಫೆನ್ನಾ ಕುರ್ಚಿಯಲ್ಲಿ ಕೂತಲ್ಲೇ ತಲೆ ತಗ್ಗಿಸಿದಳು, ಅವಳ ಭುಜಗಳು ಅಲುಗಿದವು. ಅಳುವೋ ಇನ್ನೇನೋ, ಯಾರಿಗೂ ತಿಳಿಯಲಿಲ್ಲ. ತಲೆಯೆತ್ತಿ ಡೀಕಾಳನ್ನು ನೋಡಿದಳು. ಬೈಗುಳವಿಲ್ಲದ ಆ ನೋಟವನ್ನು ತಡೆಯುವುದು ಕಷ್ಟವಾಗಿತ್ತು.

"ನಾನೇ ಹೊರ್ತೀನಿ," ಎಂದಳು ಡೀಕಾ.

"ನಿನ್ನೆತ್ತರಕ್ಕೆ ಪೆಟ್ಟಿಗೆ ಓರೆಯಾಗಿ ಅವನು ತಲೆಕೆಳಗಾಗಿ ಸ್ವರ್ಗಕ್ಕೆ ಹೋಗ್ತಾನೆ," ಎಂದ ಗೈಟ್. "ಹೋಗು ಮಾರಾಯ್ತಿ. ಗಂಟೆ ಹೊಡಿಯೋಕೆ ಇನ್ನೂ ಹೊತ್ತಿದೆ. ಹೋಗಿ ಸರಿಯಾಗಿ ಹೇಳಿ ಬಾ."

ಕೇರಿಯುದ್ದಕ್ಕೂ ಅವಳು ಓಡಲಿಲ್ಲ. ಮೊದಲ ನೆರೆ ಓಡಿದರೆ ಕಿಟಕಿಗಳು ತೆರೆದುಕೊಳ್ಳುತ್ತವೆ. ಲುಬ್ಬರ್ಟನ ಮನೆಯ ಮುಂಬಾಗಿಲಿಗೆ ಬಡಿದಳು. ತೆರೆದು ರೂಢಿಯಿಲ್ಲದ ಬಾಗಿಲು, ಒಳಗಿನಿಂದ ಎರಡು ಸಲ ಜಗ್ಗಿದ ಮೇಲೆ ಕಿರುಗುಟ್ಟಿ ಬಂತು.

ಲುಬ್ಬರ್ಟ್ ಕಪ್ಪು ಕೋಟಿನಲ್ಲಿದ್ದ. ಕುತ್ತಿಗೆಯವರೆಗೆ ಗುಂಡಿ ಹಾಕಿದ್ದ. ಕ್ಷೌರ ಮಾಡಿಕೊಂಡ ಗಲ್ಲದ ಮೇಲೆ ಚೂರು ಕಾಗದ ಅಂಟಿತ್ತು. ಹೊಳೆಯುವ ಬೂಟು. ಹಿಂದಿನ ಮೇಜಿನ ಮೇಲೆ ಬ್ರಷ್ ಮಾಡಿಟ್ಟ ಟೋಪಿ, ಅದರ ಪಕ್ಕ ತಣ್ಣಗಾದ ಕಾಫಿ. ಬೆಳಕು ಹರಿಯುವ ಮೊದಲೇ ಸಿದ್ಧನಾಗಿ, ಕರೆಯದೆ ಬರಲಾರದ ಮನುಷ್ಯ ಆ ಕುರ್ಚಿಯಲ್ಲಿ ಕೂತೇ ಇದ್ದ.

"ಏನು?" ಎಂದ.

"ಮೊನ್ನೆ ಬಂದಿದ್ದೆ."

"ನನ್ನ ಹಸುಗಳ್ನ ನೋಡೋಕೆ ಬಂದಿದ್ದೆ. ಹೇಳಿಕೆ ಅವಕ್ಕೆ ಕೊಟ್ಟೆ. ಅವು ಬರ್ತವೇನೋ ಕೇಳು. ಒಂದೇ ಒಂದು ಕಪ್ಪಗಿದೆ, ಕೋಟು ಹುಡುಕೋ ತೊಂದರೆ ಇಲ್ಲ, ಅದನ್ನ ಹೊಡ್ಕೊಂಡು ಹೋಗು."

ಡೀಕಾ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಳು. ಅವನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿಯಾಗಿ ನೋಡಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ. "ಲುಬ್ಬರ್ಟ್, ನಿನ್ನ ನೆರೆಯ ಯಾನ್ಸ್ ತೀರಿಕೊಂಡಿದ್ದಾನೆ. ಇವತ್ತು ಹತ್ತು ಗಂಟೆಗೆ ಮಣ್ಣಿಗೆ. ನಿನ್ನ ಭುಜ ಬೇಕು ಅಂತ ಫೆನ್ನಾ ಕೇಳ್ಕೊಂಡಿದ್ದಾಳೆ."

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಕೊನೆಗೆ ಏನಾದ್ರೂ ಹೇಳಿದ್ನಾ? ನನ್ನ ವಿಷಯ?"

ಸುಳ್ಳು ಅವಳ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ, ತಪ್ಪಾಯಿತು ಅಂದ, ಅಷ್ಟಂದರೆ ಸಾಕು. ಯಾನ್ಸ್ ಎದ್ದು ಬಂದು ಅಲ್ಲಗಳೆಯುವಂತಿರಲಿಲ್ಲ. ಆಗ ಲುಬ್ಬರ್ಟನ ಹಿಂದೆ, ಹಸಿರು ಗಾಜಿನ ಕೆಳಗೆ, ಒಂದರ ಮೇಲೊಂದಿಟ್ಟ ತಟ್ಟೆಗಳು ಕಂಡವು. ನೀಲಿ ಅಂಚಿನವು. ಫೆನ್ನಾಳ ಮನೆಯವು. ಪ್ರತಿ ಹೊಸವರ್ಷಕ್ಕೂ ತನ್ನ ಮನೆಯ ಒಂದೊಂದು ತಟ್ಟೆ ಎಲ್ಲಿ ಹೋಗುತ್ತದೆಂದು ಫೆನ್ನಾ ಹುಡುಕುತ್ತಿದ್ದುದು ಡೀಕಾಳಿಗೆ ನೆನಪಾಯಿತು.

"ಇಲ್ಲ," ಎಂದಳು. "ನಿನ್ನ ವಿಷಯ ಏನೂ ಹೇಳ್ಲಿಲ್ಲ."

ಲುಬ್ಬರ್ಟ್ ನಿಧಾನವಾಗಿ ತಲೆದೂಗಿದ. "ಹೇಳ್ದ ಅಂದಿದ್ರೆ ಬಾಗಿಲು ಹಾಕ್ತಿದ್ದೆ. ಅವನು ಹೇಳೋ ಜಾತಿ ಅಲ್ಲ." ಹಿಂದೆ ತಿರುಗಿ ತಟ್ಟೆಗಳತ್ತ ನೋಡಿದ. "ವರ್ಷ ವರ್ಷ ಬರ್ತಿದ್ದ. ಹಿಂಬಾಗಿಲಿಗೆ. ಕರಿದ ಉಂಡೆ ಒಂದು ತಟ್ಟೆ ಇಟ್ಟು ಕಳ್ಳನ ಹಾಗೆ ಓಡ್ತಿದ್ದ. ನಾನು ಗಾಜಿನೊಳಗಿಂದ ನೋಡ್ತಾ ಕೂತಿರ್ತಿದ್ದೆ, ಮುಂದ್ಗಡೆಯಿಂದ ಬರ್ಲಿ ಅಂತ."

"ಉಂಡೆಗಳ್ನ ಏನ್ಮಾಡ್ತಿದ್ದೆ?"

"ಹಂದಿಗೆ ಹಾಕ್ತಿದ್ದೆ." ಟೋಪಿ ಎತ್ತಿಕೊಂಡ. "ಅದು ಎಲ್ಲಾನೂ ತಿಂತಿರ್ಲಿಲ್ಲ."

ಅವನ ಸೊಂಟ ಹೋದ ಚಳಿಗಾಲದಿಂದ ಸರಿಯಿರಲಿಲ್ಲ. ಎಡಗಾಲನ್ನು ಎಳೆದುಕೊಂಡು ನಡೆದ. ತಟ್ಟೆಗಳನ್ನು ಎದೆಗೊತ್ತಿ ಹಿಡಿದಿದ್ದ, ಪ್ರತಿ ಹೆಜ್ಜೆಗೂ ಅವು ಸಣ್ಣಗೆ ಗಲಗಲ ಅನ್ನುತ್ತಿದ್ದವು. ಡೀಕಾ ಅವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡಳು. "ನಾನು ಹಿಡಿಲಾ?" ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಒಕ್ಕುವ ಅಂಗಳದಲ್ಲಿ ಎಲ್ಲರೂ ಅವನಿಗೆ ದಾರಿ ಬಿಟ್ಟರು. ಲುಬ್ಬರ್ಟ್ ನೇರವಾಗಿ ಫೆನ್ನಾಳ ಬಳಿ ಹೋಗಿ ತಟ್ಟೆಗಳನ್ನು ಅವಳ ಮಡಿಲಲ್ಲಿಟ್ಟ. ಅವಳು ಅಂಚುಗಳ ಮೇಲೆ ಬೆರಳಾಡಿಸಿ ಮೆಲ್ಲಗೆ ಎಣಿಸಿದಳು.

"ಒಂದು ಕಮ್ಮಿ ಇದೆ."

"ಒಡೀತು."

"ಹೇಗೆ?"

"ಗೋಡೆಗೆ ಎಸ್ದೆ. ಮೊದಲ್ನೇ ವರ್ಷದ್ದು."

"ಸರಿ ಬಿಡು," ಎಂದಳು ಫೆನ್ನಾ. ಆ ದಿನ ಅವಳ ಕಣ್ಣಲ್ಲಿ ಮೊದಲ ಸಲ ನೀರು ಬಂತು. ತಟ್ಟೆಗಳನ್ನು ಎರಡೂ ಕೈಯಿಂದ ತಬ್ಬಿಕೊಂಡು ಅತ್ತಳು.

ಚರ್ಚಿನ ಗಂಟೆ ಶುರುವಾಯಿತು. ಐವರು ತಂತಮ್ಮ ಜಾಗಕ್ಕೆ ಹೋದರು. ಲುಬ್ಬರ್ಟ್ ಮುಂದಿನ ಎಡಮೂಲೆಗೆ ಕಾಲೆಳೆದುಕೊಂಡು ಹೋಗಿ, ಟೋಪಿಯನ್ನು ಡೀಕಾಳ ಕೈಗೆ ಕೊಟ್ಟು, ಮಂಡಿ ಬಾಗಿಸಲು ಹೊರಟ. ಮಂಡಿ ಅರ್ಧಕ್ಕೇ ನಿಂತಿತು. ಅವನ ಹಣೆಯ ಮೇಲೆ ಬೆವರು ಮೂಡಿತು. ಶವಸಂಸ್ಕಾರದವನು ಅದನ್ನು ಕಂಡ. ಒಳ್ಳೆಯ ಮನಸ್ಸಿನಿಂದಲೇ ಗಾಡಿಯನ್ನು ಹತ್ತಿರಕ್ಕೆ ತಳ್ಳಿದ. ನಿಜಕ್ಕೂ ಸದ್ದೇ ಇರಲಿಲ್ಲ.

"ಯಜಮಾನ್ರೇ, ಚರ್ಚು ದೂರ ಇದೆ, ನಿಮ್ಮ ಸೊಂಟ ಬೇರೆ ಹೀಗಿದೆ. ಇದರ ಮೇಲೆ ಇಟ್ಬಿಡೋಣ. ನೀವು ಪಕ್ಕದಲ್ಲಿ ಒಂದು ಕೈ ಹಿಡ್ಕೊಂಡು ನಡೀರಿ. ನೋಡೋರಿಗೆ ಹೊತ್ತ ಹಾಗೇ ಕಾಣುತ್ತೆ."

ಲುಬ್ಬರ್ಟ್ ಪೆಟ್ಟಿಗೆಯ ಅಂಚಿಗೆ ಕೆನ್ನೆ ತಾಗಿಸಿ, ಭುಜವನ್ನು ಅದರಡಿಗೆ ತೂರಿಸಿದ.

"ಬೇಡ," ಎಂದ.