ನೀಲಿಯ ನಡುವೆ ಒಂದು ಗೇಣು ಕೆಂಪು

ಕೋಲಾರದಲ್ಲಿ ಮನೆ ಮಾಡಿದರೆ ಬರುತ್ತೇನೆ, ನಿಮ್ಮೂರು ಸುಗಟೂರಿಗೆ ಮಾತ್ರ ಕಾಲಿಡುವುದಿಲ್ಲ ಎಂದು ಹೆಂಡತಿ ಚಿಕ್ಕಗಂಗಮ್ಮ ಟೇಕಲ್ಲಿನ ತವರಿನಿಂದ ಹೇಳಿ ಕಳಿಸಿದ್ದಳು. ನ್ಯಾಯವೇ. ಬಾವಿ ನೀರಿನ ಜಗಳದಲ್ಲಿ ದಾಯಾದಿಯ ತಲೆ ಒಡೆದು ನಾಲ್ಕು ವರ್ಷ ಜೈಲಿನಲ್ಲಿ ಕೂತವನು ನಾನು. ಊರವರ ಬಾಯಿಗೆ ಸಿಕ್ಕಿದವಳು ಅವಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಎಪ್ಪತ್ತೆಂಟನೇ ಇಸವಿಯಲ್ಲಿ ಬಿಡುಗಡೆಯಾಗಿ ಬಂದು ಎರಡು ತಿಂಗಳು ಮನೆ ಹುಡುಕಿದೆ. ಎಲ್ಲ ಕಡೆ ಒಂದೇ ಹಾಡು: "ಯಾವೂರು, ಯಾರ ಪೈಕಿ?" ಹೇಳಿದೆನೋ, ಎಲ್ಲಿಂದಲೋ ಅವರ ಭಾವಮೈದನೊಬ್ಬ ಹುಟ್ಟಿಕೊಂಡು ನನ್ನ ಚರಿತ್ರೆಯನ್ನೆಲ್ಲ ಒಪ್ಪಿಸುತ್ತಿದ್ದ. ಐದು ಮನೆ ಹೀಗೇ ಹೋದವು. ಹಗಲು ಮಂಡಿಯಲ್ಲಿ ಮೂಟೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದೆ. ಮಾತಾಡಿಸುವ ನರಪಿಳ್ಳೆ ಇರಲಿಲ್ಲ. ಜೈಲಿನಲ್ಲಾದರೂ ಪಕ್ಕದವನ ಗೊರಕೆ ಇತ್ತು.

ಆರನೆಯದು ವೆಂಕಟರತ್ನಮ್ಮನವರ ಮನೆಯ ಹಿಂದಿನ ಭಾಗ. ಅವರೊಬ್ಬರೇ ಇರುವುದು.

"ಸಂಸಾರಸ್ಥರಾದ್ರೆ ಸಾಕು ಶ್ರೀರಾಮಪ್ಪ. ಶುಕ್ರವಾರ ಬಂದು ಬೀಗದ ಕೈ ತಗೋ," ಎಂದರು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೇಕಲ್ಲಿಗೆ ಹೊರಟವರೊಬ್ಬರ ಕೈಯಲ್ಲಿ ಹೆಂಡತಿಗೆ ಸುದ್ದಿ ಕಳಿಸಿದೆ: ಮನೆ ಸಿಕ್ಕಿತು, ಶುಕ್ರವಾರ ಐದು ಗಂಟೆ ಬಸ್ಸಿಗೆ ಬಾ.

ಶುಕ್ರವಾರ ಮಧ್ಯಾಹ್ನ ವೆಂಕಟರತ್ನಮ್ಮ ನಡುಮನೆಯಲ್ಲಿ ಜಮಖಾನ ಹಾಸಿ ಕೂರಿಸಿ, ಕಾಫಿ ಕೊಟ್ಟು, ಬೀಗದ ಕೈಯನ್ನು ಅಂಗೈಗೆ ಹಾಕಿದರು. ನನ್ನ ಕಣ್ಣು ಜಮಖಾನದ ಅಂಚಿಗೆ ಹೋಯಿತು. ನೀಲಿ ಪಟ್ಟೆಯ ನಡುವೆ ಒಂದು ಗೇಣು ಕೆಂಪು. ಜೈಲಿನ ಮಗ್ಗದಲ್ಲಿ ನೀಲಿ ನೂಲು ಮುಗಿದ ದಿನ ನಾನೇ ಹಾಕಿದ್ದು. ಸುಮ್ಮನಿರಲಾರದೆ ಅದನ್ನು ಸವರಿದೆ.

"ಗಟ್ಟಿ ಮಾಲು ಕಣಪ್ಪ. ಎಷ್ಟು ಒಗೆದ್ರೂ ಬಣ್ಣ ಹೋಗಿಲ್ಲ. ನೇಯ್ದ ಪುಣ್ಯಾತ್ಮ ತಣ್ಣಗಿರ್ಲಿ," ಎಂದರು.

ನಾಲ್ಕು ವರ್ಷದಿಂದ ನನ್ನನ್ನು ಯಾರೂ ಹರಸಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ, "ನೇಯ್ದೋನು ನಾನೇ ಅಮ್ಮ," ಎಂದುಬಿಟ್ಟೆ.

"ಇದು ಬೆಂಗಳೂರಲ್ಲಿ ಜೈಲಿನ ಅಂಗಡೀಲಿ ತಗೊಂಡಿದ್ದು ಅಂದಿದ್ರಲ್ಲ ನಮ್ಮ ಅಳಿಯಂದ್ರು," ಎಂದವರು ಅಲ್ಲಿಗೆ ನಿಲ್ಲಿಸಿದರು. ನಾನು ತಲೆ ತಗ್ಗಿಸಿದೆ.

ಬೈಯಲಿಲ್ಲ. ಕೈ ಚಾಚಿ ಬೀಗದ ಕೈ ವಾಪಸು ತೆಗೆದುಕೊಂಡರು. "ಒಂಟಿ ಹೆಂಗಸು ನಾನು. ಬೇಜಾರು ಮಾಡ್ಕೋಬೇಡಪ್ಪ." ನಾನು ಎದ್ದ ಮೇಲೆ ಜಮಖಾನವನ್ನೂ ಸುತ್ತಿ ಕೊಟ್ಟರು. "ಇದನ್ನೂ ತಗೊಂಡ್ಹೋಗು. ಇನ್ನು ಇದರ ಮೇಲೆ ನಂಗೆ ನಿದ್ದೆ ಬರಲ್ಲ."

ಐದು ಗಂಟೆಯ ಬಸ್ಸು ಹೇಳಿದ ಹೊತ್ತಿಗೇ ಬಂತು, ಹಾಳಾದ್ದು. ಚಿಕ್ಕಗಂಗಮ್ಮ ಇಳಿದಳು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಹಾಲುಕ್ಕಿಸಲು ಹೊಸ ಪಾತ್ರೆ. ಪಾತ್ರೆಯನ್ನು ಕಂಕುಳಿಗೆ ಸೇರಿಸಿ, ನನ್ನ ಬಗಲಲ್ಲಿದ್ದ ಜಮಖಾನವನ್ನು ಮುಟ್ಟಿ ನೋಡಿದಳು.

"ಮನೆಗೆ ಅಂತ ತಗೊಂಡ್ರಾ? ಚೆನ್ನಾಗೈತೆ," ಎಂದು ನಕ್ಕಳು. "ಮನೆ ಹತ್ರಾನಾ? ನಡ್ಕೊಂಡೇ ಹೋಗ್ಬೋದಾ?"

ಅವಳ ಕೈಯಿಂದ ಟ್ರಂಕು ತೆಗೆದುಕೊಂಡೆ. ಯಾವ ಕಡೆಗೆ ತಿರುಗಬೇಕೋ ತಿಳಿಯಲಿಲ್ಲ.