ಏವಿಸಳನ್ನು ಏನೆಂದು ಕೂಗುವುದು

ಅಂಚೆ ಹಂಚುವ ಲೊರೆಟ್ಟಾ ಪಾಸ್ಟರ್ನಾಕ್ ಬೀದಿಗೆ ಕಾಲಿಟ್ಟರೆ ಒಹಾಯೋ ಸೀಮೆಯ ನಾಯಿಗಳೆಲ್ಲ ಬಾಲ ಮಡಚಿಕೊಂಡು ಮಂಚದಡಿ ನುಗ್ಗುತ್ತಿದ್ದವು. ವಾರವೆಲ್ಲ ಅವಳ ಹೆಗಲಲ್ಲಿ ಕಾಗದದ ಚೀಲ. ರಜೆಯ ದಿನ ಮಾತ್ರ ಮೈಮೇಲೆ ಎರಡು ಮಣ ಕಬ್ಬಿಣ, ಕೈಯಲ್ಲಿ ಬೆತ್ತದ ಕತ್ತಿ. ಆಗ ಅವಳು ಲೊರೆಟ್ಟಾ ಅಲ್ಲ, ಏವಿಸ್. ಹಳೆಯ ಕಾಲದ ಯುರೋಪಿನ ರಾಜರು, ಯೋಧರ ವೇಷ ತೊಟ್ಟು ಕಾಳಗ ಆಡುವ ನಮ್ಮ ಬಳಗದಲ್ಲಿ ಎಲ್ಲರಿಗೂ ಹೀಗೆ ಎರಡೆರಡು ಜನ್ಮ. ವಿಮೆ ಮಾರುವವನು ಕಾಳಗದಲ್ಲಿ ಗೆದ್ದು ಆರು ತಿಂಗಳು ರಾಜನಾಗುತ್ತಾನೆ, ಸೋತ ಮರುದಿನ ಮತ್ತೆ ವಿಮೆ ಮಾರುತ್ತಾನೆ.

ಆವತ್ತು ಸಂಜೆ ಐದಕ್ಕೆ ರಾಜನು ಏವಿಸಳ ಹೆಗಲಿಗೆ ಕತ್ತಿ ಮುಟ್ಟಿಸಿ ಅವಳನ್ನು ನೈಟ್, ಅಂದರೆ ಬಿರುದು ಹೊತ್ತ ವೀರ, ಮಾಡುವುದೆಂದು ನಿಶ್ಚಯವಾಗಿತ್ತು. ಆಮೇಲೆ ಬಳಗದಲ್ಲಿ ಯಾರೂ ಅವಳನ್ನು ಬರಿ ಹೆಸರಿನಿಂದ ಕರೆಯುವಂತಿಲ್ಲ. ಮುಂದೆ ‘ಸರ್’ ಸೇರಬೇಕು. ಹೆಂಗಸಾದರೆ, ಇಷ್ಟಪಟ್ಟರೆ ‘ಡೇಮ್’ ಎನ್ನಿಸಿಕೊಳ್ಳಬಹುದು. ಯಾವುದೆಂದು ಮೊದಲೇ ಡಂಗುರದ ಫಲ್ಕ್‌ನ ಕಿವಿಯಲ್ಲಿ ಹೇಳಬೇಕು. ಅವನು ಮೂರು ಸಲ ಕೂಗುತ್ತಾನೆ. ಕೂಗಿದ ಮೇಲೆ ಬ್ರಹ್ಮ ಬಂದರೂ ಬದಲಿಸಲಾರ. ನಮ್ಮ ಕನ್ನಡ ಸೀಮೆಯಲ್ಲಿ ಕಂಡಕ್ಟರನಿಗೂ ಸರ್, ಕಚೇರಿಯ ಜವಾನನಿಗೂ ಸರ್ ಎಂದು ಕಡಲೆಪುರಿಯಂತೆ ಎರಚುವ ಆ ಒಂದು ಮಾತಿಗೆ ಇಲ್ಲಿ ಹನ್ನೊಂದು ವರ್ಷ ಮೈ ನೀಲಿಗಟ್ಟಬೇಕು.

ಏವಿಸಳ ಮನಸ್ಸಿನಲ್ಲಿ ಉತ್ತರ ಹನ್ನೊಂದು ವರ್ಷದಿಂದ ಕೂತಿತ್ತು. ಅಂದು ಅವಳು ಇದೇ ಬಯಲಿಗೆ ಯಾರಿಗೋ ಪಾರ್ಸಲು ಕೊಡಲು ಬಂದಿದ್ದಳು. ತಗಡು ತೊಟ್ಟ ಇಬ್ಬರು ಹೊಡೆದಾಡುತ್ತಿದ್ದರು. ತೀರ್ಪು ಹೇಳುವವರು ಯಾರೂ ಇಲ್ಲ, ಏಟು ತಿಂದವರೇ ಒಪ್ಪಿಕೊಂಡು ಸಾಯಬೇಕು. ಒಬ್ಬ ಇದ್ದಕ್ಕಿದ್ದಂತೆ, “ಏಟು ಸರಿಯಾಗಿ ಬಿತ್ತು, ನಾನು ಸತ್ತೆ,” ಎಂದು ತಾನೇ ಧೊಪ್ಪನೆ ಬಿದ್ದ. ಏಟು ಬೇರೆ ಯಾರ ಕಣ್ಣಿಗೂ ಕಂಡಿರಲಿಲ್ಲ, ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದ. ಸುತ್ತ ನಿಂತ ನೂರು ಜನ ತಲೆಬಾಗಿ, “ಚೆನ್ನಾಗಿ ಸತ್ತಿರಿ, ಸರ್!” ಅಂದರು. ಪಾರ್ಸಲು ಕೈಯಲ್ಲೇ ಉಳಿಯಿತು. ನನಗೂ ಯಾರಾದರೂ ಹಾಗೆ ಅನ್ನಬೇಕು, ಅದೇ ಮಾತೇ ಆಗಬೇಕು ಎಂದು ಅವಳಿಗೆ ಅನ್ನಿಸಿದ್ದು ಆಗಲೇ.

ಆದರೆ ಅವಳ ಗುರು ಡೇಮ್ ರೋಹೇಸ್. ಶಾಲೆಯೊಂದರಲ್ಲಿ ಅಡುಗೆಯವಳು, ಎರಡು ಸಾವಿರ ಮಕ್ಕಳಿಗೆ ಒಂದೇ ಸೌಟಿನಲ್ಲಿ ಬಡಿಸಿ ಬೆಳೆಸಿದ ತೋಳು, ಬೀಸಿದರೆ ಮೂರು ಊರಾಚೆ ಬಾಗಿಲು ಮುಚ್ಚುತ್ತಿದ್ದವು. ಬಳಗದ ಈ ರಾಜ್ಯದಲ್ಲಿ ‘ಡೇಮ್’ ಎಂದು ಕೂಗಿಸಿಕೊಂಡ ಮೊದಲ ಹೆಂಗಸು. ಅದಕ್ಕಾಗಿ ಮೂವರು ರಾಜರ ಹತ್ತಿರ ಜಗಳವಾಡಿದ್ದಳು. ಅಂಥವಳ ಶಿಷ್ಯೆ ಹೋಗಿ ‘ಸರ್’ ಬೇಕು ಎಂದರೆ ಗುರುವಿನ ಮುಖಕ್ಕೆ ಮಂಗಳಾರತಿ ಎತ್ತಿದಂತೆ ಆಗುವುದಿಲ್ಲವೇ? ಈ ಚಿಂತೆಯಲ್ಲಿ ಏವಿಸಳ ಬಾಯಿಗೆ ಬೀಗ ಬಿದ್ದಿತ್ತು.

ನೈಟ್ ಆಗುವವರು ಅದಕ್ಕೆ ಮುಂಚೆ ಡೇರೆಯಲ್ಲಿ ಒಬ್ಬರೇ ಕೂತು ಜಾಗರಣೆ ಮಾಡಬೇಕು. ಹೆಸರಿಗೆ ಜಾಗರಣೆ, ನಡೆಯುವುದು ಊಟವಾದ ಮೇಲೆ. ಹೆಸರಿಗೆ ಒಬ್ಬರೇ, ಒಳಗೆ ನುಗ್ಗುವುದು ಇಡೀ ರಾಜ್ಯ. ಬಂದವರೆಲ್ಲ ಒಂದು ಬುದ್ಧಿಮಾತು ಹೇಳಿ ಎರಡು ಮಾಂಸದ ಕಡುಬು ತಿಂದು ಹೋದರು. ಕಡುಬು ನಾನೂರು ಮುಗಿದವು. ಬುದ್ಧಿಮಾತು ಇನ್ನೂ ಉಳಿದಿದ್ದವು.

ನಾಲ್ಕು ಗಂಟೆಗೆ ಫಲ್ಕ್ ಇಣುಕಿದ. “ಏನಮ್ಮಾ, ಏನಂತ ಕೂಗ್ಲಿ?”

“ಸ್ವಲ್ಪ ತಡಿಯಪ್ಪಾ.”

“ಬೆಳಿಗ್ಗೆಯಿಂದ ಇದು ಆರನೇ ತಡಿಯಪ್ಪಾ. ನನ್ನ ಗಂಟಲು ತಡ್ಕೊಳ್ಳುತ್ತೆ, ರಾಜ ತಡ್ಕೊಳ್ಳಲ್ಲ.”

ಅಷ್ಟರಲ್ಲಿ ಸರ್ ಓಸ್ಬರ್ನ್ ಒಳಗೆ ಬಂದ. ಮನೆಗಳಿಗೆ ಮಾಡು ಹೊದಿಸುವವನು; ಅವನ ಮೀಸೆಯಲ್ಲಿ ಎರಡು ಸಂಸಾರ ಬಾಡಿಗೆಗೆ ಇರಬಹುದಿತ್ತು. “ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ನೈಟ್ ಅಂದ್ರೆ ಸರ್. ಗಂಡಾಗ್ಲಿ ಹೆಣ್ಣಾಗ್ಲಿ, ಬೆನ್ನ ಮೇಲೆ ಬಾಸುಂಡೆ ಒಂದೇ ಬಣ್ಣ!”

ಹಿಂದೆಯೇ ಬಂದ ಡೇಮ್ ರೋಹೇಸ್ ಸೊಂಟಕ್ಕೆ ಕೈಯಿಟ್ಟಳು. “ನನ್ನ ಶಿಷ್ಯೆ ವಿಷ್ಯಕ್ಕೆ ನಿಮ್ಮ ಮೀಸೆ ಯಾಕೆ ಬಂತು? ಅವಳು ಡೇಮ್ ಆಗ್ತಾಳೆ.”

“ಯಾರು ಹೇಳಿದ್ದು?”

“ನಾನು ಹೇಳಿದ್ದು.”

“ಕತ್ತಿ ಹೇಳ್ಲಿ ಬನ್ನಿ!”

“ಬನ್ನಿ! ಹೆಲ್ಮೆಟ್ಟಲ್ಲಿ ಮೀಸೆ ಹಿಡಿಯುತ್ತೋ ನೋಡ್ಕೊಳಿ!”

ಎರಡು ನಿಮಿಷದಲ್ಲಿ ಬಯಲಿನ ಸುತ್ತ ಐನೂರು ಜನ ಸೇರಿದರು. ಹೇಳುವಾಗ ಒಂದೂವರೆ ಸಾವಿರ ಎಂದೇ ಹೇಳುವುದು ವಾಡಿಕೆ. ಮೂರರಲ್ಲಿ ಎರಡು ಗೆದ್ದವರ ಮಾತು ನಡೆಯಬೇಕೆಂದಾಯಿತು. ಏವಿಸಳನ್ನು ಕೇಳಬೇಕೆಂದು ಆ ಐನೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಮೊದಲ ಸುತ್ತು. ರೋಹೇಸಳ ಕತ್ತಿ ಓಸ್ಬರ್ನ್‌ನ ಪಕ್ಕೆಗೆ, ಅವನ ಕತ್ತಿ ಅವಳ ತಲೆಗೆ, ಒಂದೇ ಉಸಿರಿನಲ್ಲಿ ಬಡಿದವು. ಆ ಸದ್ದಿಗೆ ಪಕ್ಕದ ಹೊಲದ ಮುಸುಕಿನ ಜೋಳ ತಾನೇ ಸುಲಿದುಕೊಂಡಿತು.

“ಸತ್ತೆ!” ಅಂದ ಓಸ್ಬರ್ನ್.

“ನಾನೂ!” ಅಂದಳು ರೋಹೇಸ್.

ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು. “ಇಬ್ರೂ ಸೇರಿ ಜಾಯಿಂಟ್ ಖಾತೆ ತೆಗ್ದಿದಾರೆ ಕಣ್ರೋ!” ಎಂದು ಯಾರೋ ಕೂಗಿದರು. ಮೂರನೆಯದು ಕಾಲು ಗಂಟೆ ನಡೆಯಿತು. ಬೆವರು ಹಳ್ಳವಾಗಿ ಹರಿದು, ಅದರಲ್ಲಿ ಕೋಳಿಗಳು ಈಜಿದವು. ಕೊನೆಗೆ ಎರಡು ಕತ್ತಿ, ಎರಡು ಕುತ್ತಿಗೆ, ಒಂದೇ ಸದ್ದು. ಇಬ್ಬರೂ ಪಕ್ಕಪಕ್ಕದಲ್ಲಿ ಅಂಗಾತ ಬಿದ್ದರು.

“ಪ್ರಾಮಾಣಿಕವಾಗಿ ಹೇಳಿ ಸರ್, ನನ್ನ ಏಟು ಗಟ್ಟಿ ಇತ್ತಾ?” ಎಂದು ಮಲಗಿದಲ್ಲಿಂದಲೇ ರೋಹೇಸ್ ಕೇಳಿದಳು.

“ಇತ್ತು ಡೇಮ್. ನಂದು?”

“ಹಾಳಾಗ್ಹೋಗ್ಲಿ, ಇತ್ತು.”

ಫಲ್ಕ್ ಗಡಿಯಾರ ನೋಡಿ ತಲೆ ಚಚ್ಚಿಕೊಂಡ. “ಇನ್ನು ಹತ್ತೇ ನಿಮಿಷ! ಸತ್ತವರು ತೀರ್ಮಾನ ಕೊಡ್ಲಿಲ್ಲ. ಯಾರಾದ್ರೂ ಬದುಕಿರೋರು ಹೇಳ್ರಪ್ಪಾ!”

ಏವಿಸ್ ನೆಲದ ಮೇಲಿದ್ದ ಗುರುವನ್ನು ನೋಡಿದಳು. ಗೆಲ್ಲಬಹುದಾಗಿದ್ದ ಮೂರು ಸಲವೂ ನಿಜ ಹೇಳಿ ಸತ್ತ ಹೆಂಗಸು. ಅವಳಿಂದ ಕಲಿತದ್ದೇ ಅದು. ಕಲಿಸಿದವಳ ಎದುರೇ ಸುಳ್ಳು ಹೇಳಿ, ಆ ಸುಳ್ಳನ್ನು ಸಾಯುವತನಕ ಹೆಸರಿನ ಮುಂದೆ ಹೊತ್ತು ತಿರುಗುವುದೇ? ಏವಿಸ್ ನಡೆದು ಬಂದು ಹುಲ್ಲಿನ ಮೇಲೆ ಮಂಡಿಯೂರಿದಳು.

“ಡೇಮ್... ನಂಗೆ ಸರ್ ಅನ್ನಿಸ್ಕೋಬೇಕು ಅಂತ ಆಸೆ. ಮೊದಲ್ನೇ ದಿನದಿಂದ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಐನೂರು ಜನ ಉಸಿರು ಬಿಗಿಹಿಡಿದ ರಭಸಕ್ಕೆ ಬಾವುಟಗಳು ಒಳಕ್ಕೆ ವಾಲಿದವು.

“ಸತ್ತವ್ರಿಗೆ ಬೇಜಾರಾಗಲ್ಲ ಕಣೇ,” ಅಂದಳು ರೋಹೇಸ್. ಆಮೇಲೆ ದಡಬಡ ಎದ್ದು ಕೂತು ಹೆಲ್ಮೆಟ್ ಕಿತ್ತೊಗೆದಳು. ಮುಖ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. “ಅಲ್ವೇ ಮಂಕೇ, ಮೂರು ಜನ ರಾಜರ ಹತ್ರ ನಾನ್ಯಾಕೆ ಕಿತ್ತಾಡ್ದೆ? ನಂಗೆ ಬೇಕಾದ್ದನ್ನ ನಾನು ಅನ್ನಿಸ್ಕೋಬೇಕು ಅಂತ. ನಿಂಗೆ ಬೇಕಾದ್ದನ್ನ ನಾನು ಆರಿಸ್ಬೇಕು ಅಂತಾನಾ? ಬಾಯಿ ಬಿಟ್ಟು ಹೇಳೋದಲ್ವಾ!”

“ನೀವು ಕೇಳ್ಲೇ ಇಲ್ಲ...”

“ಅದೂ ನಿಜ,” ಅಂದಳು ರೋಹೇಸ್ ಮೆಲ್ಲಗೆ.

“ಹಾಗಾದ್ರೆ ನಾನೇ ಗೆದ್ದೆ!” ಎಂದು ಓಸ್ಬರ್ನ್ ಮೀಸೆ ಹುರಿಮಾಡಿದ.

“ನೀವು ಸತ್ತಿದೀರಿ, ಸುಮ್ನೆ ಬಿದ್ಕೊಳಿ,” ಅಂದಳು ರೋಹೇಸ್.

ಐದಕ್ಕೆ ಸರಿಯಾಗಿ ರಾಜನ ಕತ್ತಿ ಏವಿಸಳ ಹೆಗಲು ಮುಟ್ಟಿತು. ನೈಟ್‌ಗಳ ಗುರುತಾದ ಬಿಳಿಯ ನಡುಪಟ್ಟಿಯನ್ನು ರೋಹೇಸ್ ತನ್ನ ಕೈಯಾರೆ ಕಟ್ಟಿದಳು. ಗಂಟು ಎರಡು ಸಲ ಜಾರಿತು, ಮೂಗು ನಾಲ್ಕು ಸಲ ಸೋರಿತು. ಫಲ್ಕ್ ಎದೆ ತುಂಬ ಗಾಳಿ ಎಳೆದುಕೊಂಡು, “ಸರ್ ಏವಿಸ್!” ಎಂದು ಕೂಗಿದ. ಮೊದಲ ಕೂಗಿಗೆ ಮರದ ಹಕ್ಕಿಗಳೆಲ್ಲ ಎದ್ದವು. ಎರಡನೆಯದಕ್ಕೆ ಪಕ್ಕದ ಜಿಲ್ಲೆಯಲ್ಲಿ ದನ ಈದವು. ಮೂರನೆಯದು ಹೋಗಿ ಕೆನಡಾದ ಗಡಿಗೆ ಬಡಿದು ಮರುದಿನ ತಿಂಡಿಯ ಹೊತ್ತಿಗೆ ವಾಪಸ್ಸು ಬಂತಂತೆ.

ಜನ ಮುಗಿಬಿದ್ದು ಅವಳನ್ನು ಎತ್ತಿ ಕುಣಿಸಿದರು. ಕೆಳಗಿಳಿಸಿದಾಗ ಎದುರಿಗೆ ರೋಹೇಸ್ ನಿಂತಿದ್ದಳು. ಇಷ್ಟು ವರ್ಷ ಏನೇ, ಬಾರೇ, ಹೋಗೇ ಎಂದ ಬಾಯಿ ಹೊಸ ಮಾತಿಗೆ ಸ್ವಲ್ಪ ತಡಕಾಡಿತು. ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ, ಇಡೀ ರಾಜ್ಯಕ್ಕೆ ಕೇಳುವಂತೆ ಅಂದಳು:

“ಸರ್, ನಾಳೆ ಬೆಳಿಗ್ಗೆ ಎಂಟಕ್ಕೆ ಬಯಲಿಗೆ ಬನ್ನಿ. ಇಷ್ಟು ದಿನ ಶಿಷ್ಯೆ ಅಂತ ಮೆತ್ತಗೆ ಹೊಡೀತಿದ್ದೆ.”

“ಮೆತ್ತಗಾ?!” ಎಂದಳು ಸರ್ ಏವಿಸ್. ನಗುತ್ತ ನಗುತ್ತಲೇ ಅವಳು ಎಡಗೈಯ ಬಾಸುಂಡೆ ಸವರಿಕೊಂಡಳು.