ಪಿಂಗಾಣಿ ಅಂಗಡಿಯಲ್ಲಿ ಬೀಳುವ ಹುಡುಗಿ

ಗಿರಾಕಿಗಳೆಲ್ಲ ನೋಡುತ್ತಿದ್ದಂತೆಯೇ ಅವಳು ಮತ್ತೊಮ್ಮೆ ಎರಡೂ ಕಾಲು ಮೇಲೆ ಮಾಡಿಕೊಂಡು, ಹುಲ್ಲು ತುಂಬಿದ ರಟ್ಟಿನ ಪೆಟ್ಟಿಗೆಯೊಳಗೆ ಧೊಪ್ಪನೆ ಬಿದ್ದಳು. ಅವಳು ಬಿದ್ದಳು, ನಾವು ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅಷ್ಟು ಹೊತ್ತೂ ಗಲ್ಲಾಪೆಟ್ಟಿಗೆಯ ಬಳಿ ಕಾದಾಡುತ್ತಿದ್ದ ಅಂಗಡಿಯ ಒಡೆಯರು, ಅಂದರೆ ನನ್ನ ಅಕ್ಕ ಮತ್ತು ಭಾವ, ಮಾತು ನುಂಗಿಕೊಂಡು ಅವಳನ್ನು ಎತ್ತಲು ಓಡಿದರು.

"ಪಿಂಗಾಣಿ ಅಂಗಡೀಲಿ ಬೀಳೋಳನ್ನ ಇಟ್ಕೊಂಡು ನಾನೇನು ಸರ್ಕಸ್ ನಡೆಸ್ಲಾ? ಈ ತಿಂಗಳಿಗೇ ಬಿಡಿಸ್ಬಿಡ್ತೀನಿ," ಎಂದರು ಭಾವ.

"ಮೊದಲು ನೀವು ಬಾಯಿ ಬಿಡೋದು ಬಿಡಿ!" ಎಂದಳು ಅಕ್ಕ.

ಸೋಜಿಗವೆಂದರೆ, ಕಪ್ಪು-ಬಸಿಗಳನ್ನು ಒರೆಸಿ ಜೋಡಿಸುವ ಈ ಹತ್ತೊಂಬತ್ತರ ಹುಡುಗಿಯ ನಡಿಗೆ, ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ತಲೆಯ ಮೇಲೆ ಪುಸ್ತಕವಿಟ್ಟು ಕಲಿಸಲು ಹೆಣಗಿ ಸೋತ ಆ ನಿಷ್ಕಂಪ, ನಿಶ್ಶಬ್ದ ನಡಿಗೆಯೇ ಆಗಿತ್ತು. ಇಷ್ಟು ಸಲ ಬಿದ್ದರೂ ಅವಳಿಂದ ಒಂದು ಬಸಿಯ ಅಂಚೂ ಮುಕ್ಕಾಗಿರಲಿಲ್ಲ.

ಮುಂದಿನ ಜಗಳಕ್ಕೆ ನಾನು ಅವಳನ್ನೇ ನೋಡುತ್ತ ಕುಳಿತೆ. ಅಕ್ಕನ ದನಿ ಏರಿತು. ಹುಡುಗಿ ಕೈಯಲ್ಲಿದ್ದ ಗಾಜಿನ ಬಟ್ಟಲನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು, ಇಬ್ಬರ ಮುಖವನ್ನೂ ಒಮ್ಮೆ ಅಳೆದು, ಅಡ್ಡವಿದ್ದ ಸ್ಟೂಲನ್ನು ಸರಿಸಿ, ಆಮೇಲೆ ಬಿದ್ದಳು.

ಹಿಂದಿನ ಗೋಡೌನಿಗೆ ಕರೆದೊಯ್ದು ಕೇಳಿದೆ: "ಬೇಕಂತಲೇ ಬೀಳ್ತೀಯಲ್ಲೇ?"

ಅವಳ ಮುಖ ಬಿಳಿಚಿತು. "ಕೆಲಸ ಹೋಗುತ್ತಾ ಆಂಟಿ?"

"ಮೊದಲು ಯಾಕೆ ಅಂತ ಹೇಳು."

"ಚಿಕ್ಕೋಳಿದ್ದಾಗ ಅಪ್ಪ ಅಮ್ಮ ಹೊಡೆದಾಡ್ತಿದ್ರು. ನಾನು ನಿಜವಾಗ್ಲೂ ಮೆಟ್ಟಿಲಿಂದ ಬಿದ್ದೆ. ಇಬ್ರೂ ಒಟ್ಟಿಗೆ ಓಡ್ಬಂದು ಎತ್ಕೊಂಡ್ರು. ಆವತ್ತಿಂದ ಯಾರ ದನಿ ಏರಿದ್ರೂ ನನ್ನ ಕಾಲು ತಾನೇ ರೆಡಿ ಆಗುತ್ತೆ."

ಹೇಳುತ್ತ ತೋಳು ಮಡಚಿದಳು. ಆ ಎಳೆಯ ಮೊಣಕೈಯ ಚರ್ಮ ವೃದ್ಧರ ಹಿಮ್ಮಡಿಯಂತೆ ಗಡುಸಾಗಿತ್ತು.

ಅಕ್ಕನಿಗೂ ಭಾವನಿಗೂ ಎಲ್ಲವನ್ನೂ ಹೇಳಿದೆ. ಭಾವ ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಈಗ ಅವರಿಬ್ಬರೂ ಪಿಸುದನಿಯಲ್ಲಿ ಜಗಳವಾಡುತ್ತಾರೆ.

ಗೆಳೆಯರ ಗುಂಪಿನಲ್ಲಿ ಪುರುಸೊತ್ತಿಲ್ಲದೆ ನಗಿಸುವವರು, ಬಾಗಿಲು ಸದ್ದಾದರೆ ಓಡಿ ನೀರು ತರುವವರು, ತಪ್ಪು ಯಾರದೆಂದು ತಿಳಿಯುವ ಮುನ್ನವೇ ಕ್ಷಮೆ ಕೇಳುವವರು, ಇಂಥ ಎಳೆಯರ ನಡತೆಗೆ ನಾವು ಸ್ವಭಾವವೆಂದು ಹೆಸರಿಟ್ಟು ನಿಶ್ಚಿಂತರಾಗುತ್ತೇವೆ. ಅದು ಸ್ವಭಾವವಲ್ಲ, ಮನೆಯಲ್ಲಿ ಹಚ್ಚಿದ ಕಾವಲಿನ ಕೆಲಸ; ಮನೆ ಬಿಟ್ಟು ಹೊರಬಂದ ಮೇಲೂ ಅವರಿಗೆ ಅದರಿಂದ ರಜೆಯಿಲ್ಲ.

ಮೊನ್ನೆ ಕೇಳಿದೆ: "ಮನೇಲಿ ಈಗ್ಲೂ ನೀನು ಬಿದ್ರೆ ಜಗಳ ನಿಲ್ಲುತ್ತೇನೇ?"

ತಟ್ಟೆ ಒರೆಸುತ್ತಲೇ ಅಂದಳು: "ಎಲ್ಲಿ ಆಂಟಿ! ಈಗ ನಾನು ಬಿದ್ದಿದ್ದು ಯಾರ ತಪ್ಪು ಅಂತ ಜಗಳ ಆಡ್ತಾರೆ."